ಬೆಳೆಯುವ ಬೆಕ್ಕಿನ ಮರಿಗೆ ಒಣ ಆಹಾರದ ಆಯ್ಕೆ

ಮಂಡ್ಯ ತಾಲ್ಲೂಕಿನ ಬಸರಾಳಿನಂತಹ ಊರುಗಳಲ್ಲಿ ರಾಗಿ, ಭತ್ತ ಕೂಡಿಡುವ ಮನೆಗಳಿಗೆ ಇಲಿಗಳ ಕಾಟ ತಪ್ಪಿಸಲು ಬೆಕ್ಕು ಬೇಕೇಬೇಕಾದ ಪ್ರಾಣಿಯಾಗಿದ್ದು, ಅದರ ಮರಿಗೆ ಹಾಲು ಅನ್ನವನ್ನೋ ಹಾಲಿನಲ್ಲಿ ಕಿವುಚಿದ ಮುದ್ದೆಯನ್ನೋ ಇಕ್ಕುವುದು ವಾಡಿಕೆ. ಈ ಊಟದ ಕೊರತೆಯನ್ನು ದೊಡ್ಡ ಬೆಕ್ಕು ಬೇಟೆಯಿಂದ ತುಂಬಿಕೊಳ್ಳಬಲ್ಲದಾದರೂ, ತಾಯಿಯಿಂದ ಬೇರ್ಪಟ್ಟು ಇನ್ನೂ ಬೇಟೆ ಕಲಿಯದ ಮರಿಗೆ ಆ ದಾರಿಯಿಲ್ಲ. ಅದರ ಹೊಟ್ಟೆ ತುಂಬಿದರೂ ಮೈ ಬೆಳೆಯುವುದಿಲ್ಲ.

ಬೆಕ್ಕು ಕಡ್ಡಾಯ ಮಾಂಸಾಹಾರಿ, ಅಂದರೆ ಪ್ರಾಣಿಮೂಲದ ಪೋಷಕಾಂಶಗಳಿಲ್ಲದೆ ಆರೋಗ್ಯವಾಗಿ ಬದುಕಲಾರದ ಜೀವಿ. ಮಾಂಸ ಮತ್ತು ಮೀನುಗಳಲ್ಲಿರುವ ಟಾರಿನ್ ಎಂಬ ಅಮೈನೋ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ. ಹೃದಯದ ಸ್ನಾಯುವೂ ದುರ್ಬಲಗೊಳ್ಳುತ್ತದೆಂಬುದನ್ನು ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ನಾಯಿಗೆಂದು ತಯಾರಾದ ಆಹಾರ ಬೆಕ್ಕಿಗೆ ಸಲ್ಲದಿರುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಬರಿಯ ಮಾಂಸವನ್ನೇ ಹಾಕಿದರೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಸಾಲದೆ ಮರಿಯ ಎಳೆಯ ಮೂಳೆಗಳು ಬಾಗುತ್ತವೆ, ಮುರಿಯುತ್ತವೆ.

ಆದ್ದರಿಂದ ಒಣ ಆಹಾರ ಕೊಳ್ಳುವವರು ಪೊಟ್ಟಣದ ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಬರಹವನ್ನು ಗಮನಿಸಬೇಕು. ಅದು ಬೆಳೆಯುವ ಮರಿಗಳಿಗೆ ಅಥವಾ ಎಲ್ಲ ವಯಸ್ಸಿನ ಬೆಕ್ಕುಗಳಿಗೆ ಸಂಪೂರ್ಣ ಆಹಾರವೆಂದು ಸ್ಪಷ್ಟವಾಗಿ ನಮೂದಾಗಿರಬೇಕು. ಹಲವು ದೇಶಗಳ ತಯಾರಕರು ಅನುಸರಿಸುವ ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ (ಎಎಎಫ್‌ಸಿಒ) ಮಾನದಂಡದಂತೆ ಮರಿಗಳ ಒಣ ಆಹಾರದಲ್ಲಿ ಕನಿಷ್ಠ ಶೇ 30ರಷ್ಟು ಪ್ರೋಟೀನ್, ಶೇ 9ರಷ್ಟು ಕೊಬ್ಬು, ಶೇ 1ರಷ್ಟು ಕ್ಯಾಲ್ಸಿಯಂ ಹಾಗೂ ಶೇ 0.1ರಷ್ಟು ಟಾರಿನ್ ಇರಬೇಕು. ವಯಸ್ಕ ಬೆಕ್ಕಿಗಾದರೆ ಶೇ 26ರಷ್ಟು ಪ್ರೋಟೀನ್ ಸಾಕು. ಈ ಪ್ರಮಾಣಗಳನ್ನು ತೇವಾಂಶ ಕಳೆದುಳಿದ ಒಣ ಅಂಶದ ಮೇಲೆ ಲೆಕ್ಕ ಹಾಕಲಾಗುತ್ತದೆ. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುವ ಕಡೆ ಕೋಳಿ, ಮೀನು ಮುಂತಾದವು ಮೊದಲ ಸಾಲಿನಲ್ಲಿದ್ದರೆ ಒಳ್ಳೆಯದು. ಚೀಲದಿಂದ ಬಿಡಿಯಾಗಿ ತೂಗಿಕೊಡುವ ಆಹಾರದಲ್ಲಿ ಈ ಯಾವ ವಿವರವೂ ಸಿಗುವುದಿಲ್ಲ, ಗಾಳಿಗೆ ತೆರೆದಿಟ್ಟಷ್ಟೂ ಅದರ ಕೊಬ್ಬು ಕಮಟುತ್ತದೆ.

ನಾಲ್ಕು ವಾರ ತುಂಬಿದ ಮರಿಗೆ ಒಣ ಆಹಾರದ ಕಾಳುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ರೂಢಿ ಮಾಡಿಸಿ, ಎಂಟು ವಾರಗಳ ಹೊತ್ತಿಗೆ ಒಣದಾಗಿಯೇ ದಿನಕ್ಕೆ ಮೂರು ನಾಲ್ಕು ಬಾರಿ ಕೊಡಬಹುದು. ಆಹಾರ ಬದಲಿಸುವಾಗ ಹಳೆಯದರೊಂದಿಗೆ ಹೊಸದನ್ನು ಒಂದು ವಾರದವರೆಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋದರೆ ಭೇದಿ ತಪ್ಪುತ್ತದೆ. ಇಲಿಯ ದೇಹದಲ್ಲಿ ಸುಮಾರು ಶೇ 70ರಷ್ಟು ನೀರಿದ್ದರೆ ಒಣ ಆಹಾರದಲ್ಲಿರುವುದು ಸುಮಾರು ಶೇ 10 ಮಾತ್ರವಾದ್ದರಿಂದ, ಶುದ್ಧ ನೀರು ಸದಾ ಹತ್ತಿರವಿರಲೇಬೇಕು. ಹಸುವಿನ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನೇಕ ಬೆಕ್ಕುಗಳಿಗೆ ಜೀರ್ಣವಾಗದಿರುವುದರಿಂದ ನೀರಿನ ಬದಲಿಗೆ ಹಾಲು ಸಲ್ಲದು.

ಮರಿಯ ಮೈ, ಮೂಳೆಗಳು ಹೆಚ್ಚಾಗಿ ಬೆಳೆಯುವುದು ಮೊದಲ ಹನ್ನೆರಡು ತಿಂಗಳಲ್ಲಿ. ಬೆಕ್ಕಿಗಾಗಿ ಸ್ವಲ್ಪವೇ ಖರ್ಚು ಮಾಡಬಲ್ಲ ಮನೆಯವರು ಆ ಹಣವನ್ನು ಈ ಒಂದು ವರ್ಷಕ್ಕೇ ಮೀಸಲಿಡುವುದು ಲೇಸು. ದುಬಾರಿ ಹೆಸರಿಗಿಂತ, ಸಂಪೂರ್ಣ ಆಹಾರವೆಂಬ ನಮೂದಿರುವ ಸಾಧಾರಣ ಬೆಲೆಯ ಪೊಟ್ಟಣವೇ ಅದಕ್ಕೆ ಸಾಕು.