ಕೂಸನ್ನು ಎಲ್ಲಿ ಮಲಗಿಸುವುದು?

ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯಲ್ಲಿ ನಾಟಿಗೆ ಇಳಿದ ತಾಯಿಗೆ ಕೂಸನ್ನಿಡಲು ಬದುವೊಂದೇ ಒಣನೆಲ. ಅಲ್ಲಿ ಇರುವೆ, ಚೇಳು, ಹಾವು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹೊಲಗಳಲ್ಲಿ ನೀರಿನ ಭಯವಿಲ್ಲ, ನೆರಳಿಗೇ ಬರ. ಕೊಪ್ಪಳ ಸೀಮೆಯ ತಾಯಂದಿರ ಉಪಾಯ ಮಾತ್ರ ಎಲ್ಲೆಡೆ ಒಂದೇ: ಹಳೆಯ ಸೀರೆಯನ್ನು ಬೇವಿನ ಕೊಂಬೆಗೋ ಬಂಡಿಯ ಕೆಳಗೋ ಜೋಲಿ ಕಟ್ಟುವುದು.

ಮನೆಯಲ್ಲಾದರೆ ಜಂತಿಗೆ ತೂಗುಬಿಟ್ಟ ತೊಟ್ಟಿಲು. ಉಳ್ಳವರಿಗೆ ಕಲಘಟಗಿಯ ಬಣ್ಣದ ತೊಟ್ಟಿಲು. ಹೆಸರಿಡುವ ದಿನ ಕೂಸಿಗಿಂತ ಮೊದಲು ಅದರಲ್ಲಿ ಗುಂಡಕಲ್ಲನ್ನು ಮಲಗಿಸುವ ಪದ್ಧತಿಯುಂಟು. ಶಾಸ್ತ್ರ ಏನೇ ಇರಲಿ, ಹಗ್ಗದ ಗಟ್ಟಿತನಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ?

ವೈದ್ಯರು ಹೇಳುವುದೇ ಬೇರೆ. ಸಮತಟ್ಟಾದ ಗಟ್ಟಿ ಹಾಸಿಗೆ, ದಿಂಬಿಲ್ಲದೆ, ಅಂಗಾತ. ಜೋಲಿಯಲ್ಲಿ ಬೆನ್ನು ಬಾಗಿ ಎಳೆಗೂಸಿನ ಗದ್ದ ಎದೆಗೊತ್ತಿದರೆ ಉಸಿರು ಕಟ್ಟಬಹುದು. ಮಾತು ನಿಜವೇ, ಆದರೆ ಹಾವು ಹರಿಯುವ ಬದುವಿನ ಮೇಲೆ ಅದನ್ನು ಪಾಲಿಸುವುದೆಂತು?

ಆರು ವರ್ಷದೊಳಗಿನ ಐದು ಮಕ್ಕಳು ಕೆಲಸದ ಜಾಗಕ್ಕೆ ಬಂದರೆ ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆ ವಿಧಿಸಿತ್ತು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಹೊರಟಿತು. ಖಾಸಗಿ ಗದ್ದೆಯ ನಾಟಿ ಕೂಲಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಜೋಲಿ ತೂಗುವವಳು ಹೆಚ್ಚಾಗಿ ಕೂಸಿನ ಅಕ್ಕ, ಶಾಲೆ ತಪ್ಪಿಸಿ ಬಂದ ಎಂಟು ಹತ್ತು ವರ್ಷದ ಹುಡುಗಿ.