ಹಳೆಯ ಜೀಪಿಗೆ ಒಡೆಯನೇ ವೈದ್ಯ

ತುಂಗಭದ್ರಾ ಅಣೆಕಟ್ಟೆಯ ಸುತ್ತಲಿನ ನಾಡಿನಲ್ಲಿ ಜೀಪು ಎಂದರೆ ಬರೀ ವಾಹನವಲ್ಲ. ಕಾಲುವೆಯ ಏರಿಯ ಮೇಲೆ ಸಾಗುವ ನೀರಾವರಿ ಎಂಜಿನಿಯರು, ಸಂಡೂರಿನ ಗುಡ್ಡ ಏರುವ ಗಣಿ ಮೇಸ್ತ್ರಿ, ಕಂಪ್ಲಿಯ ಕಡೆ ಗದ್ದೆಗೆ ಗೊಬ್ಬರದ ಚೀಲ ಸಾಗಿಸುವ ರೈತ, ಎಲ್ಲರಿಗೂ ಒಂದು ಕಾಲಕ್ಕೆ ಇದೇ ಗತಿ. ಮೆತ್ತನೆಯ ಸೀಟಿನ ಹೊಸ ಗಾಡಿಗಳು ಬಂದು ಎಷ್ಟೋ ವರ್ಷಗಳಾದರೂ ಟಿ.ಬಿ. ಡ್ಯಾಂ, ಹೊಸಪೇಟೆ, ಸಂಡೂರಿನ ಓಣಿಗಳಲ್ಲಿ ಹಳೆಯ ಜೀಪುಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಇಪ್ಪತ್ತು, ಮೂವತ್ತು ವರ್ಷ ದಾಟಿದ ಗಾಡಿ ಓಡುತ್ತಲೇ ಇರಲು ಕಾರಣವೇನು? ಕಬ್ಬಿಣ ಗಟ್ಟಿ ಎಂಬುದು ಅರ್ಧ ಉತ್ತರ ಮಾತ್ರ. ಅದನ್ನು ಓಡಿಸುವವನೇ ಬಿಚ್ಚಿ ಕಟ್ಟಬಲ್ಲ ಎಂಬುದು ಉಳಿದ ಅರ್ಧ. ಈ ಗುಣ ಜೀಪಿಗೆ ಆಕಸ್ಮಿಕವಾಗಿ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು.

ಯುದ್ಧದ ಕೂಸು

1940ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಹಬ್ಬುತ್ತಿದ್ದಾಗ ಅಮೆರಿಕದ ಸೇನೆ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಒಂದು ಹಗುರ ವಾಹನ ಬೇಕೆಂದು ತಯಾರಕರನ್ನು ಕೇಳಿತು. ಮೊದಲ ಮಾದರಿಯನ್ನು ಒಪ್ಪಿಸಲು ಕೊಟ್ಟ ಗಡುವು ಕೇವಲ 49 ದಿನ. ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಕಂಪನಿ, ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರರ ನೆರವಿನಿಂದ ಸೆಪ್ಟೆಂಬರ್ 23ರಂದು ಗಾಡಿಯನ್ನು ತಂದು ನಿಲ್ಲಿಸಿತು. ಆದರೆ ದೊಡ್ಡ ಪ್ರಮಾಣದ ಗುತ್ತಿಗೆ ಸಿಕ್ಕಿದ್ದು ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳಿಗೆ. 1945ರ ಹೊತ್ತಿಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. ಒಂದು ಕಂಪನಿಯ ಗಾಡಿಯ ಭಾಗ ಇನ್ನೊಂದರ ಗಾಡಿಗೆ ಕೂರಬೇಕು ಎಂಬುದು ಸೇನೆಯ ಕರಾರು. ರಣರಂಗದಲ್ಲಿ ಕೆಟ್ಟು ನಿಂತ ಮೂರು ಜೀಪುಗಳಿಂದ ಓಡುವ ಎರಡನ್ನು ಮಾಡಿಕೊಳ್ಳಬಹುದಾದದ್ದು ಇದರಿಂದಲೇ.

ಸೇನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1944ರಲ್ಲಿ ಜೀಪಿಗಾಗಿಯೇ ಹೊರಡಿಸಿದ ಟಿಎಂ 9-803 ಎಂಬ ಕೈಪಿಡಿಯಲ್ಲಿ ಗಾಡಿಯ ಮೊದಲ ಹಂತದ ಆರೈಕೆಯನ್ನು ಮೆಕ್ಯಾನಿಕ್‌ಗೆ ಅಲ್ಲ, ಚಾಲಕನಿಗೇ ವಹಿಸಲಾಯಿತು. ಹೊರಡುವ ಮುನ್ನ, ಓಡುವಾಗ, ದಾರಿಯಲ್ಲಿ ನಿಂತಾಗ, ಮರಳಿ ಬಂದ ಮೇಲೆ ಹೀಗೆ ನಾಲ್ಕು ಹೊತ್ತಿನಲ್ಲಿ ಅವನು ಏನೇನು ನೋಡಬೇಕೆಂಬ ಪಟ್ಟಿ ಅದರಲ್ಲಿತ್ತು. ಓದಲು ಬೇಸರಪಡುವ ಸೈನಿಕರಿಗೆ ಇದನ್ನೇ ಹೇಳಲು ಸೇನೆ ವ್ಯಂಗ್ಯಚಿತ್ರಕಾರ ವಿಲ್ ಐಸ್ನರ್ ಅವರಿಂದ ಚಿತ್ರಕಥೆಗಳನ್ನು ಬರೆಸಿತು. ಗ್ರೀಸ್ ಹಾಕದ ಪೆದ್ದ ಸೈನಿಕನ ಪಾಡನ್ನು ಕಂಡು ನಗುತ್ತಲೇ ಓದುಗ ಪಾಠ ಕಲಿಯುತ್ತಿದ್ದ.

ಭಾರತಕ್ಕೆ ಬಂದ ಬಗೆ

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣಕ್ಕೆ ಹಳೆಯ ಜೀಪೇ ಕಾರಣವಾಯಿತೆಂಬುದು ಇಂದಿನವರಿಗೆ ಅಷ್ಟಾಗಿ ತಿಳಿಯದು. 1948ರಲ್ಲಿ ಕಾಶ್ಮೀರದ ಯುದ್ಧದ ವೇಳೆ, ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅವರು ದುರಸ್ತಿಗೊಂಡ ಹಳೆಯ ಜೀಪುಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡರು. ಬಂದಿಳಿದದ್ದು 155 ಜೀಪುಗಳು ಮಾತ್ರ, ಅವೂ ಬಳಸಲಾಗದ ಸ್ಥಿತಿಯಲ್ಲಿ. ಸಂಸತ್ತಿನಲ್ಲಿ ಗದ್ದಲವೆದ್ದಿತು. 1955ರಲ್ಲಿ ಸರ್ಕಾರ ಪ್ರಕರಣವನ್ನು ಮುಗಿಸಿತು. ಹೊರಗಿನ ಬಣ್ಣ ನೋಡಿ ಹಳೆಯ ಗಾಡಿ ಕೊಳ್ಳಬಾರದೆಂಬ ಪಾಠವನ್ನು ದೇಶ ಹೀಗೆ ಬಹಳ ಬೇಗ ಕಲಿಯಿತು.

ಅದೇ ವರ್ಷಗಳಲ್ಲಿ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿತ್ತು. ಬರಬರುತ್ತಾ ಭಾಗಗಳೂ ಇಲ್ಲಿಯೇ ತಯಾರಾದವು. ಅಮೆರಿಕದಲ್ಲಿ 1953ರಲ್ಲಿ ಬಂದು 1968ರಲ್ಲಿ ನಿಂತುಹೋದ ಸಿಜೆ-3ಬಿ ಎಂಬ ಎತ್ತರ ಬಾನೆಟ್ಟಿನ ಮಾದರಿಯ ಚಹರೆ, ನಮ್ಮಲ್ಲಿ ಆಮೇಲೂ ದಶಕಗಳ ಕಾಲ ಉಳಿಯಿತು. ಪೆಟ್ರೋಲ್ ದುಬಾರಿಯಾದಾಗ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್, ನಂತರ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ ಅದರ ಒಡಲು ಸೇರಿದವು. ಈಗ ನಮ್ಮ ಕಡೆ ಉಳಿದಿರುವ ಹಳೆಯ ಜೀಪುಗಳಲ್ಲಿ ಡೀಸೆಲ್ ಗಾಡಿಗಳೇ ಹೆಚ್ಚಾಗಿ ಕಾಣುತ್ತವೆ.

ಈ ಮಿಶ್ರ ವಂಶದಿಂದ ಒಂದು ತಮಾಷೆಯ ತೊಡಕು ಹುಟ್ಟಿತು. ಚಾಸಿ ಅಮೆರಿಕದ್ದು, ಅದರ ನಟ್ಟು ಬೋಲ್ಟು ಇಂಚಿನ ಅಳತೆ. ಪ್ಯೂಜೋ ಎಂಜಿನ್ ಫ್ರಾನ್ಸಿನದು, ಅದರದು ಮಿಲಿಮೀಟರ್ ಅಳತೆ. ಹಾಗಾಗಿ ಮನೆಯಲ್ಲಿ ಕೆಲಸ ಮಾಡುವವರ ಬಳಿ ಎರಡೂ ಬಗೆಯ ಪಾನಾಗಳು ಇರಲೇಬೇಕು. ಒಂದಕ್ಕೆ ಇನ್ನೊಂದನ್ನು ಒತ್ತಾಯದಿಂದ ಹಾಕಿದರೆ ನಟ್ಟಿನ ಮೂಲೆಗಳು ಸವೆದು ಉಳಿ ಸುತ್ತಿಗೆಯೇ ಗತಿ. ಇನ್ನೊಂದು ಗುಟ್ಟೂ ಇದೆ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳಿಗೆ ಉಲ್ಟಾ ಮರೆ ಇರುತ್ತದೆ. ಅರಿಯದವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಸ್ಟಡ್ಡನ್ನೇ ಮುರಿಯುತ್ತಾರೆ.

ಗೇರಿನ ಕೋಲುಗಳ ಮರ್ಮ

ಹಳೆಯ ಜೀಪಿನೊಳಗೆ ಇಣುಕಿದರೆ ಮೂರು ಕೋಲುಗಳು ಕಾಣುತ್ತವೆ. ಒಂದು ಸಾಮಾನ್ಯ ಗೇರಿನದು. ಇನ್ನೊಂದು ಮುಂದಿನ ಚಕ್ರಗಳಿಗೆ ಬಲ ಕೊಡುವುದು. ಮೂರನೆಯದು 'ಲೋ' ಗೇರಿನದು. ಈಚಿನ ಮಾದರಿಗಳಲ್ಲಿ ಕೊನೆಯ ಎರಡು ಸೇರಿ ಒಂದೇ ಆಗಿವೆ. 'ಲೋ' ಹಾಕಿದಾಗ ವೇಗ ಇಳಿದು ಚಕ್ರದ ಎಳೆಯುವ ಬಲ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಕೆಸರಿನಲ್ಲಿ ಹೂತ ಟ್ರೇಲರನ್ನು ಸಣ್ಣ ಜೀಪು ಎಳೆದು ತರುವುದು ಈ ಹಲ್ಲುಗಳ ಲೆಕ್ಕಾಚಾರದಿಂದ.

ಈ ಕೋಲನ್ನು ಎಲ್ಲಿ ಬಳಸಬಾರದು ಎಂಬುದು ಅಷ್ಟೇ ಮುಖ್ಯ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಹಳೆಯ ಜೀಪಿನಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ ಈ ವ್ಯತ್ಯಾಸಕ್ಕೆ ಅಲ್ಲಿ ಎಡೆಯೇ ಇಲ್ಲ. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಸರಿಹೊಂದುತ್ತದೆ. ಡಾಂಬರು ರಸ್ತೆಯಲ್ಲಿ ಜಾರಲಾಗದೆ ಆ ಬಿಗಿತವೆಲ್ಲ ಟೈರು, ಕ್ರಾಸ್, ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಕೋಲು ಸಿಕ್ಕಿಹಾಕಿಕೊಂಡು ಬರುವುದೇ ಇಲ್ಲ. ಆಗ ಬಡಿಯದೆ, ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಓಡಿಸಿದರೆ ಬಿಗಿತ ಸಡಿಲಿ ಕೋಲು ತಾನಾಗಿ ಜಾರುವುದುಂಟು.

ಧೂಳು, ನೀರು, ಗ್ರೀಸು

ನಮ್ಮ ಕಡೆ ಜೀಪಿನ ಮೊದಲ ಶತ್ರು ಸಂಡೂರಿನ ಕೆಂಪು ಧೂಳು. ಕಬ್ಬಿಣದ ಅದಿರಿನ ಈ ನುಣುಪು ಪುಡಿ ಎಂಜಿನ್ನಿನೊಳಗೆ ಸೇರಿದರೆ ಪಿಸ್ಟನ್ ರಿಂಗು, ಲೈನರ್‌ಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಇದನ್ನು ತಡೆಯಲು ಹಳೆಯ ಜೀಪುಗಳಲ್ಲಿ ಎಣ್ಣೆಯ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಒಳಬರುವ ಗಾಳಿ ಎಣ್ಣೆಯ ಮೇಲೆ ಹಾದು ತಿರುಗುವಾಗ ಧೂಳು ಎಣ್ಣೆಗೆ ಅಂಟಿ ತಳ ಸೇರುತ್ತದೆ. ತಳದಲ್ಲಿ ಕೆಸರು ಕಂಡೊಡನೆ ಬಟ್ಟಲು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ಹಾಕಬೇಕು. ಗಣಿ ದಾರಿಯಲ್ಲಿ ಓಡುವ ಗಾಡಿಗೆ ಇದು ದಿನವೂ ನೋಡುವ ಕೆಲಸ. ಕಾಲು ಗಂಟೆಯ ಈ ಸೋಮಾರಿತನ ಕೊನೆಗೆ ಎಂಜಿನ್ ಬೋರಿಗೆ ಬರುವಂತೆ ಮಾಡುತ್ತದೆ.

ಎರಡನೆಯದು ನೀರು. ಹಳ್ಳ, ಕಾಲುವೆ, ನಾಟಿಗದ್ದೆಯಲ್ಲಿ ಹಾದುಬಂದ ಗಾಡಿಯ ಹೌಸಿಂಗಿನೊಳಗೆ ನೀರು ಸೇರಬಹುದು. ಬಿಸಿಯಾದ ಹೌಸಿಂಗ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಒಳಗೆಳೆಯುವುದೇ ಇದಕ್ಕೆ ಕಾರಣ. ಡ್ರೈನ್ ಬೋಲ್ಟನ್ನು ತುಸು ಸಡಿಲಿಸಿ ನೋಡಬೇಕು. ಗೇರ್ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಪೂರ್ತಿ ಬದಲಿಸಬೇಕು.

ಮೂರನೆಯದು ಗ್ರೀಸು. ಕಮಾನು ಪಟ್ಟಿಗಳ ಶ್ಯಾಕಲ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸ್ಟೀರಿಂಗಿನ ಕೀಲುಗಳಲ್ಲಿ ಸಣ್ಣ ನಿಪ್ಪಲ್‌ಗಳಿರುತ್ತವೆ. ಸಾವಿರ ಮೈಲಿಗೊಮ್ಮೆ, ಅಂದರೆ ಸುಮಾರು 1,600 ಕಿ.ಮೀ.ಗೊಮ್ಮೆ ಗ್ರೀಸ್ ಹೊಡೆಯಬೇಕೆಂಬುದು ಹಳೆಯ ಲೆಕ್ಕ. ನೀರಿಗಿಳಿದ ಗಾಡಿಗೆ ಆ ಲೆಕ್ಕ ಕಾಯಬಾರದು. ನಿಪ್ಪಲನ್ನು ಒರೆಸದೆ ಗನ್ ಇಟ್ಟರೆ ಮೇಲಿನ ಮಣ್ಣೇ ಕೀಲಿನೊಳಗೆ ಹೋಗುತ್ತದೆ. ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಇಣುಕುವವರೆಗೆ ಒತ್ತಬೇಕು.

ಡೀಸೆಲ್ ಜೀಪು ಓಡಿಸುವವರಿಗೆ ಬರಲೇಬೇಕಾದ ವಿದ್ಯೆ ಇನ್ನೊಂದಿದೆ. ಟ್ಯಾಂಕ್ ಬರಿದಾದರೆ, ಫಿಲ್ಟರ್ ಬದಲಿಸಿದರೆ, ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. 'ಏರ್ ಹಿಡಿದಿದೆ' ಎನ್ನುವುದು ಇದಕ್ಕೇ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಆಗ ಸ್ಕ್ರೂ ಬಿಗಿದರೆ ಆಯಿತು. ಇಷ್ಟು ತಿಳಿಯದವರು ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನೂ ಕಳೆದುಕೊಳ್ಳುತ್ತಾರೆ.

ಪ್ರಾಣಕ್ಕೆ ಸಂಬಂಧಿಸಿದ್ದು

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪಿದರೆ ಹೋಗುವುದು ಹಣ. ಬ್ರೇಕಿನಲ್ಲಿ ತಪ್ಪಿದರೆ ಹೋಗುವುದು ಪ್ರಾಣ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಆಯಿಲ್ ದಾರಿ. ಎಲ್ಲೋ ಒಂದು ಪೈಪು ಸೋರಿದರೆ ಪೆಡಲ್ ನೆಲಕ್ಕೆ ತಾಗುತ್ತದೆ, ನಾಲ್ಕೂ ಬ್ರೇಕು ಒಟ್ಟಿಗೇ ಹೋಗುತ್ತವೆ. ಅದಿರಿನ ಲಾರಿಗಳು ಎದುರಾಗುವ ಸಂಡೂರಿನ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಹೊರಡುವ ಮುನ್ನ ಪೆಡಲ್ ಒಮ್ಮೆ ಒತ್ತಿ ಹಿಡಿದು ನೋಡುವುದು, ಚಕ್ರಗಳ ಒಳಮೈಯಲ್ಲಿ ತೇವವಿದೆಯೇ ಎಂದು ಬಗ್ಗಿ ನೋಡುವುದು ರೂಢಿಯಾಗಬೇಕು. ಬ್ರೇಕ್ ಆಯಿಲ್ ಇಲ್ಲವೆಂದು ಎಂಜಿನ್ ಆಯಿಲ್ ಸುರಿಯುವುದು ಮಹಾ ಅಪಾಯ. ಅದರಿಂದ ಒಳಗಿನ ರಬ್ಬರ್ ಕಪ್ಪುಗಳು ಉಬ್ಬಿ ಕೆಡುತ್ತವೆ. ನೀರು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಡ್ರಮ್ಮನ್ನು ಒಣಗಿಸಿಕೊಳ್ಳಬೇಕು. ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಊದಬಾರದು. ಹಳೆಯ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಹಾನಿಮಾಡುವ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಹ್ಯಾಂಡ್‌ಬ್ರೇಕಿನ ಮರ್ಮ ಎಷ್ಟೋ ಜನರಿಗೆ ತಿಳಿಯದು. ಹಳೆಯ ಜೀಪಿನಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನಲ್ಲ, ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದರೆ, ಮೇಲಿರುವ ಚಕ್ರ ಗಾಳಿಯಲ್ಲಿ ಉಲ್ಟಾ ತಿರುಗಲು ಸ್ವತಂತ್ರ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ನೆಲದ ಮೇಲಿನ ಚಕ್ರ ಉರುಳಬಹುದು, ಗಾಡಿ ಜಾಕಿಯಿಂದ ಜಾರಬಹುದು. ಅದಕ್ಕೇ ಸಮತಟ್ಟಾದ ಗಟ್ಟಿ ನೆಲ, ಉಳಿದ ಚಕ್ರಗಳಿಗೆ ಎರಡೂ ಕಡೆ ಕಲ್ಲು, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡು ಇವು ಮೂರೂ ಇಲ್ಲದೆ ಜೀಪಿನ ಅಡಿಗೆ ತಲೆ ಹಾಕಬಾರದು. ಜಾಕಿ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ.

ಎಲ್ಲವನ್ನೂ ಮನೆಯಂಗಳದಲ್ಲೇ ಮಾಡುತ್ತೇನೆಂಬ ಹಟವೂ ಒಳ್ಳೆಯದಲ್ಲ. ಎಣ್ಣೆ, ಫಿಲ್ಟರ್, ಗ್ರೀಸು, ಫ್ಯಾನ್ ಬೆಲ್ಟ್, ರೇಡಿಯೇಟರ್ ಪೈಪು, ಏರ್ ತೆಗೆಯುವುದು ಒಡೆಯನ ಕೆಲಸ. ಡೀಸೆಲ್ ಪಂಪಿನ ಒಳಗು, ಕ್ರೌನ್ ಪಿನಿಯನ್ ಹೊಂದಿಸುವುದು, ಚಾಸಿಯ ವೆಲ್ಡಿಂಗ್ ಪಳಗಿದ ಕೈಗೇ ಸೇರಿದ್ದು. ಬ್ರೇಕಿನ ಕೆಲಸವನ್ನು ಸ್ವತಃ ಮಾಡಿದರೂ ಬಲ್ಲವರಿಗೆ ಒಮ್ಮೆ ತೋರಿಸಿಯೇ ರಸ್ತೆಗೆ ಇಳಿಸಬೇಕು.

ಕಾನೂನು ಏನನ್ನುತ್ತದೆ?

ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮೊದಲು ಕೆಲವು ನೂರು ರೂಪಾಯಿಗಳಿದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ ಅದು 10,000 ರೂಪಾಯಿಯಾಯಿತು. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರಲ್ಲಿ 'ವಿಂಟೇಜ್' ಎಂಬ ಬೇರೆ ನೋಂದಣಿ ಬಂದಿದೆ. ಆದರೆ ಅಂಥವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೊಗೆ ಕಾರುವ, ಬ್ರೇಕ್ ಹಿಡಿಯದ ಗಾಡಿಗಳನ್ನು ರಸ್ತೆಯಿಂದ ಇಳಿಸಬೇಕೆಂಬ ಸರ್ಕಾರದ ಮಾತಿನಲ್ಲಿ ನ್ಯಾಯವಿದೆ. ಹಾಗೆಯೇ, ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವೂ ಕೆಟ್ಟದ್ದಲ್ಲ. ಅದನ್ನು ತೋರಿಸಿಕೊಡುವ ಹೊಣೆ ಮಾತ್ರ ಒಡೆಯನದು.

ಕೊಂಡಿಯೊಂದು ಕಳಚಿದರೆ

ಆರೈಕೆಯ ಬೆಲೆ ಏನೆಂದು ಟಿ.ಬಿ. ಡ್ಯಾಮಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1953ರಲ್ಲಿ ನೀರು ಹರಿಸಲು ತೊಡಗಿದ ಈ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನಿನ ಕೊಂಡಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕಲ್ಲಿನ ಕಟ್ಟೆ ಗಟ್ಟಿಯಾಗಿಯೇ ನಿಂತಿತ್ತು, ಸೋತದ್ದು ಒಂದು ಕೊಂಡಿ. ಹರಿಯುವ ನೀರಿನ ನಡುವೆಯೇ ಸ್ಟಾಪ್ ಲಾಗ್‌ಗಳನ್ನು ಇಳಿಸಿ ವಾರದೊಳಗೆ ನೀರನ್ನು ತಡೆದದ್ದು ನುರಿತ ಕೈಗಳ ಸಾಹಸ. ಇಂಥ ಗೇಟುಗಳನ್ನು ತಯಾರಿಸುವುದಕ್ಕೇ ಹೆಸರಾಗಿದ್ದ, 1960ರಲ್ಲಿ ಕಂಪನಿಯಾದ ಇಲ್ಲಿನ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2015ರಲ್ಲಿಯೇ ತೀರ್ಮಾನಿಸಿತ್ತು.

ಜೀಪಿನ ಲೆಕ್ಕವೂ ಇದೇ. ಎಂಜಿನ್ ಒಮ್ಮೆಲೇ ಸಾಯುವುದಿಲ್ಲ. ಮೂರು ಕಾಸಿನ ಸೀಲು, ಒಣಗಿದ ಬುಷ್ಷು, ಸಡಿಲಾದ ಬೋಲ್ಟು ಮೊದಲು ಸಾಯುತ್ತವೆ, ದೊಡ್ಡದನ್ನು ತಮ್ಮ ಜೊತೆ ಕರೆದೊಯ್ಯುತ್ತವೆ. ಕಂಪ್ಯೂಟರ್ ಜೋಡಿಸಿ ನೋಡದ ಹೊರತು ರೋಗ ತಿಳಿಯದ ಗಾಡಿಗಳ ಈ ಕಾಲದಲ್ಲಿ, ಕಣ್ಣಿಗೆ ಕಾಣುವಂತೆ ಕೆಟ್ಟು, ಕೈಯಿಂದಲೇ ಸರಿಯಾಗುವ ಯಂತ್ರಗಳು ಕಡಿಮೆಯಾಗುತ್ತಿವೆ. ಅವುಗಳೊಂದಿಗೆ ಆ ವಿದ್ಯೆಯೂ ಹೋಗಬಾರದೆಂದಿದ್ದರೆ, ಭಾನುವಾರದ ಬೆಳಿಗ್ಗೆ ಬಾನೆಟ್ ಎತ್ತುವಾಗ ಮನೆಯ ಮಕ್ಕಳ ಕೈಗೂ ಒಂದು ಪಾನಾ ಕೊಡುವುದು ಒಳ್ಳೆಯದು.