ನಿನ್ನೆಯ ಮಾಣಿ, ಇಂದಿನ ಧಣಿ

ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಖಾಡಿಯಾಚೆಯ ನವಿಮುಂಬಯಿಯಲ್ಲಿ ವಾಶಿ, ನೆರೂಳಿನವರೆಗೆ ರೈಲು ನಿಲ್ದಾಣಗಳ ಹೊರಗೆ ಸಾಂಬಾರಿನ ಪರಿಮಳದೊಡನೆ ನಮ್ಮ ಊರಿನ ಮಾತೂ ಕಿವಿಗೆ ಬೀಳುವುದುಂಟು. ಆ ಹೋಟೆಲುಗಳ ಧಣಿಗಳಲ್ಲಿ ಅನೇಕರು ಒಂದು ಕಾಲಕ್ಕೆ ಮೇಜು ಒರೆಸಿದವರು. ಮಾಟುಂಗ ನಿಲ್ದಾಣದ ಬಳಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಎ. ರಾಮ ನಾಯಕರೂ ಎಳೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಬಂದು, ಅಡುಗೆಮನೆಯ ದುಡಿಮೆಯಿಂದಲೇ ಮೇಲೇರಿದವರು. ತಾಟು ತೊಳೆದ ಕೈ ಗಲ್ಲೆಯ ಬೀಗದ ಕೈ ಹಿಡಿದ ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಗಲ್ಲೆಯಲ್ಲಿ ಕುಳಿತ ಮರುದಿನದ ಕಥೆಯನ್ನು ಹೇಳುವವರು ಕಡಿಮೆ.

ಹದಿನೈದು ವರ್ಷ ಸಪ್ಲೈಯರನಾಗಿ ದುಡಿದ ಒಬ್ಬನು ಕಲ್ಯಾಣದಲ್ಲಿ ಸಣ್ಣದೊಂದು ಹೋಟೆಲನ್ನು ಕಂಡಕ್ಟಿಂಗ್ ಕರಾರಿನ ಮೇಲೆ ಹಿಡಿದನೆಂದು ಭಾವಿಸೋಣ. ಉಳಿತಾಯವೆಲ್ಲ ಠೇವಣಿಗೆ ಹೋಯಿತು; ಮಡದಿಯ ಬಂಗಾರ ಅಡವಿಗೆ ಹೋಯಿತು. ನಷ್ಟದ ಅಂಜಿಕೆಯಿಂದ ಅವನು ನಸುಕಿನ ನಾಲ್ಕಕ್ಕೇ ಎದ್ದು ಹಿಟ್ಟನ್ನು ತಾನೇ ನೋಡುತ್ತಾನೆ, ದೋಸೆಯನ್ನೂ ತಾನೇ ಹುಯ್ಯುತ್ತಾನೆ, ಚಿಲ್ಲರೆಯನ್ನೂ ತಾನೇ ಎಣಿಸುತ್ತಾನೆ. ಒಂದು ದಿನ ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಗಿರಾಕಿಗಳೆದುರಿಗೇ ಭಟ್ಟರ ಮೇಲೆ ಕೂಗಾಡುತ್ತಾನೆ. ಮರುದಿನ ಬೆಳಗಿಗೆ ಭಟ್ಟರೂ ಇಲ್ಲ, ಅವರ ಚೀಲವೂ ಇಲ್ಲ. ಅಂದು ಅಂಗಡಿಯ ಬಾಗಿಲು ತೆರೆಯುವುದಿಲ್ಲ. ಬಡ್ಡಿಗೆ ಮಾತ್ರ ರಜೆಯಿಲ್ಲ.

ಅವನಲ್ಲಿ ಶ್ರಮದ ಕೊರತೆಯಿರಲಿಲ್ಲ. ತಾನು ಕೆಲಸಮಾಡುವುದು ಒಂದು ವಿದ್ಯೆ, ಇನ್ನೊಬ್ಬರಿಂದ ಕೆಲಸ ಮಾಡಿಸುವುದು ಬೇರೊಂದು ವಿದ್ಯೆ. ಮೊದಲನೆಯದನ್ನು ಅವನು ಹದಿನೈದು ವರ್ಷ ಕಲಿತಿದ್ದ; ಎರಡನೆಯದಕ್ಕೆ ಅವನು ಕಂಡ ಗುರು, ಹಿಂದೆ ತನ್ನನ್ನು ಗದರಿಸುತ್ತಿದ್ದ ಧಣಿಯೊಬ್ಬನೇ. ಅಂದು ನೊಂದವನು ಇಂದು ಅದೇ ಮಾತನ್ನಾಡಿದರೆ ಅವನ ಅನುಭವಕ್ಕೆ ಬೆಲೆಯೇನು?

ಆದುದರಿಂದ ಹೊಸ ಧಣಿಯು ಮೊದಲು ಕಲಿಯಬೇಕಾದುದು ಒಪ್ಪಿಸಿಕೊಡುವುದನ್ನು. ಅಕ್ಕಿ, ಉದ್ದು, ಮಸಾಲೆಗಳ ಅಳತೆಯನ್ನು ಭಟ್ಟರೊಡನೆ ಕುಳಿತು ಗೊತ್ತುಮಾಡಿ ಬರೆದಿಡಲಿ. ಬೆಳಿಗ್ಗೆ ಒಮ್ಮೆ ರುಚಿ ನೋಡಿ, ಬಳಿಕ ಅಡುಗೆಮನೆಯನ್ನು ಅವರಿಗೇ ಬಿಡಲಿ. ತಪ್ಪನ್ನು ಏಕಾಂತದಲ್ಲಿ ಹೇಳಲಿ. ಒಳ್ಳೆಯ ಕೆಲಸವನ್ನು ನಾಲ್ವರೆದುರಿಗೆ ಹೊಗಳಲಿ. ಸಂಬಳದ ದಿನ ತಪ್ಪದಿರಲಿ, ವಾರದ ರಜೆ ಕೃಪೆಯೆನಿಸದಿರಲಿ. ಹತ್ತು ಮಂದಿ ನೌಕರರಾದಾಗ ಇ.ಎಸ್.ಐ., ಇಪ್ಪತ್ತು ಮಂದಿಯಾದಾಗ ಪ್ರಾವಿಡೆಂಟ್ ಫಂಡ್ ಅನ್ವಯಿಸುತ್ತವೆಂಬುದನ್ನು ಅರಿತಿರಲಿ. ಹದಿನಾಲ್ಕು ತುಂಬದ ಹುಡುಗರನ್ನು ಹೋಟೆಲಿನ ಕೆಲಸಕ್ಕೆ ಇಡುವುದು 2006ರ ಅಕ್ಟೋಬರಿನಿಂದ ನಿಷಿದ್ಧವಾಗಿದೆ; ತಾನು ಹಾಗೆ ಬಂದವನೆಂಬುದು ನೆಪವಾಗಲಾರದು. ಹಗಲು ಬೆವರಿಳಿಸಿ, ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಗಿರಾಕಿಗಳ ನೂಕುನುಗ್ಗಲಿನ ವೇಳೆಯಲ್ಲಿಯೂ ಅವರನ್ನು ಶಾಲೆಗೆ ಬಿಟ್ಟುಕೊಟ್ಟ ಧಣಿಗಳ ಹೆಸರನ್ನು ಅವರು ಇಂದಿಗೂ ಮರೆತಿಲ್ಲ.

ಲೆಕ್ಕದ ವಿಷಯದಲ್ಲಿ ಗುಮಾಸ್ತ ಬಂಧುಗಳ ನೆರವು ದೊಡ್ಡದು. ದಿನದ ಗಲ್ಲೆಯೆಲ್ಲ ಲಾಭವಲ್ಲ. ಹಾಲು, ಗ್ಯಾಸು, ಬಾಡಿಗೆ, ಸಂಬಳ ಕಳೆದ ಮೇಲೆ ಉಳಿದುದೇ ಲಾಭ. ಮನೆಯ ಖರ್ಚಿಗೆ ಗಲ್ಲೆಗೆ ಕೈಹಾಕದೆ, ತನಗೂ ತಿಂಗಳಿಗಿಷ್ಟೆಂದು ಸಂಬಳ ಬರೆದುಕೊಳ್ಳುವ ಅಭ್ಯಾಸವನ್ನು ಲೆಕ್ಕ ಬಲ್ಲ ಮಿತ್ರನೊಬ್ಬನು ವಾರಕ್ಕೊಂದು ಗಂಟೆ ಕುಳಿತು ಕಲಿಸಬಲ್ಲನು.

ಕಲಿಯುವುದಕ್ಕೆ ಧಣಿಯಾದವನು ನಾಚಬೇಕಾಗಿಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನೂ ಶಿಸ್ತನ್ನೂ ಕಣ್ಣಾರೆ ಕಂಡುಬಂದರು. ಬಂದವರು ಲೋಟ, ಚಮಚಗಳನ್ನು ಹಬೆಯಿಂದ ಶುದ್ಧಮಾಡಿಸಿದರು. ಗಿರಾಕಿಗಳು ಅಡುಗೆಮನೆಯನ್ನು ನೋಡಬಹುದೆಂದರು. ಹೆಸರುವಾಸಿಯಾದ ಹೋಟೆಲಿನ ಒಡೆಯರೇ ವಿದ್ಯಾರ್ಥಿಯಾದರೆಂದ ಮೇಲೆ ನಮಗೇಕೆ ಸಂಕೋಚ?

ಹೊಸ ಧಣಿಗೆ ಒಂದು ಪರೀಕ್ಷೆಯುಂಟು. ಊರಿನಿಂದ ತಾಯಿಗೆ ಸೌಖ್ಯವಿಲ್ಲವೆಂದು ಸುದ್ದಿ ಬರುತ್ತದೆ. ಅಂದೇ ಪನ್ವೇಲಿನಲ್ಲಿ ಕೊಂಕಣ ರೈಲು ಹತ್ತಿ ಹೋಗಿ, ನಾಲ್ಕು ದಿನ ಆಕೆಯ ಬಳಿ ಕುಳಿತಿರಲು ಸಾಧ್ಯವೆ? ಇಲ್ಲಿ ಭಟ್ಟರು ಎಂದಿನ ವೇಳೆಗೆ ಒಲೆ ಹಚ್ಚಿ, ಮಾಣಿಗಳು ಎಂದಿನಂತೆ ಮೇಜು ಒರೆಸಿ, ಗಲ್ಲೆಯ ಲೆಕ್ಕ ಸರಿಯಾಗಿ ಕೂಡಿದರೆ, ಅವನು ನಿಜವಾಗಿ ಧಣಿಯಾಗಿದ್ದಾನೆ.